ಅಳಿಯನ ಗಡ್ಡ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಬಿಸಿನೀರಣ್ಣ. ಎಂಥ ಸೆಕೆಯಿರಲಿ, ಸ್ಟೋವಿನ ಮೇಲೆ ನೀರು ಕಾಯಿಸದೆ ಅವನು ಒಬ್ಬರ ಗಲ್ಲ ಮುಟ್ಟಿದವನಲ್ಲ. ಹೆಸರಿಗೆ ಅದು ಒಂದು ಕಾರಣ. ಇನ್ನೊಂದು ಕಾರಣ ಅವನ ಸಿಟ್ಟು. ಕ್ಷೌರದ ಕುರ್ಚಿಯಲ್ಲಿ ಕೂತವನು ಮೊಬೈಲು ನೋಡಲು ಕತ್ತು ಬಗ್ಗಿಸಿದರೆ ಸಾಕು, ಕತ್ತರಿ ಕೆಳಗಿಟ್ಟು, "ತಲೆ ಇಲ್ಲಿ ಬಿಟ್ಟು ನೀನು ಹೊರಗಡೆ ಕೂತ್ಕೋ. ಆದ್ಮೇಲೆ ಕೊಡ್ತೀನಿ" ಅನ್ನುತ್ತಿದ್ದ. ಬೈಸಿಕೊಂಡವರೂ ಮುಂದಿನ ಸಲ ಅವನ ಹತ್ತಿರವೇ ಬರುತ್ತಿದ್ದರು. ಕೈ ಅಂಥದು. ಅವನ ಕತ್ತಿ ಗಲ್ಲದ ಮೇಲೆ ಹೋದದ್ದು ಗಲ್ಲಕ್ಕೇ ತಿಳಿಯುತ್ತಿರಲಿಲ್ಲ.

ಕೆಲಸದ ಸಂದರ್ಶನಕ್ಕೆ ಹೊರಟವನು, ಕೋರ್ಟಿಗೆ ಹೋಗಬೇಕಾದವನು, ಮದುವೆ ಗಂಡು, ಎಲ್ಲರೂ ಮೊದಲು ಬಿಸಿನೀರಣ್ಣನ ಅಂಗಡಿಗೆ ಬಂದು ಆಮೇಲೆ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ಅಂಥವರಿಗೆ ಅವನು ಒಂದು ಕೈ ನೇರ, ಒಂದು ಕೈ ಉಲ್ಟಾ ಎಳೆಯುತ್ತಿದ್ದ. ಉಲ್ಟಾ ಎಂದರೆ ಕೂದಲು ಬೆಳೆದ ದಿಕ್ಕಿಗೆ ಎದುರಾಗಿ. ಬುಡ ಸಮೇತ ಹೋಗಿ ಗಲ್ಲ ಗಾಜಿನಂತಾಗಬೇಕು. ದಿನದ ಗಿರಾಕಿಗೆ ಅದು ಸಿಗುತ್ತಿರಲಿಲ್ಲ. "ಮನುಷ್ಯ ಬಾಗಿಲು ದಾಟೋಕೆ ಮುಂಚೆ ಅವನ ಮುಖ ದಾಟಿರುತ್ತೆ," ಎಂದು ಅವನು ನೊರೆ ಹಚ್ಚುತ್ತ ಹೇಳುತ್ತಿದ್ದ. "ಒಳಗೆ ಕೂತವರು ನೀನು ಬಾಯಿ ಬಿಡೋದ್ರೊಳಗೆ ತೀರ್ಮಾನ ಮಾಡಿ ಮುಗಿಸಿರ್ತಾರೆ. ನಿನ್ನ ಕಾಗದಪತ್ರ ಯಾರು ನೋಡ್ತಾರೆ?"

ಇಂಥವನ ಕೈಗೆ ಸಿಗದೆ ತಪ್ಪಿಸಿಕೊಂಡಿದ್ದ ಗಲ್ಲ ಆ ಸುತ್ತಿನಲ್ಲಿ ಒಂದೇ ಒಂದು. ಅದು ಅವನ ಸ್ವಂತ ಅಳಿಯನದು.

ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಮಗಳು ಇಸ್ತ್ರಿ ಮಾಡುವ ಲಾಂಡ್ರಿಯ ಕಟ್ಟಡದಲ್ಲಿ ಲಿಫ್ಟು ಕೆಟ್ಟು, ಅದನ್ನು ಸರಿಮಾಡಲು ಬಂದು, ಸರಿಯಾದ ಮೇಲೂ ಬರುತ್ತಲೇ ಇದ್ದ. ಎದೆಯವರೆಗೆ ಇಳಿಬಿಟ್ಟ ಕಪ್ಪು ಗಡ್ಡ. ಹೆಣ್ಣು ಕೇಳಲು ಅಂಗಡಿಗೇ ಬಂದಾಗ ಬಿಸಿನೀರಣ್ಣ ಒಂದೇ ಷರತ್ತು ಹಾಕಿದ: ಮದುವೆ ದಿನ ಈ ಪೊದೆ ಇರಕೂಡದು. ಅಳಿಯ ಗಡ್ಡ ಸವರಿಕೊಂಡು ಹೇಳಿದ, "ಮಗಳನ್ನ ಕೊಡಿ ಸಾಕು ಮಾವ, ಕ್ಷೌರ ಬೇಡ." ಕೂತಿದ್ದ ಗಿರಾಕಿಗಳೆಲ್ಲ ಗೊಳ್ಳೆಂದು ನಕ್ಕರು. ಆ ನಗು ಬಿಸಿನೀರಣ್ಣನ ಹೊಟ್ಟೆಯಲ್ಲಿ ವರ್ಷಗಟ್ಟಲೆ ಕೂತಿತ್ತು. ಮದುವೆ ಗಡ್ಡದ ಸಮೇತ ನಡೆಯಿತು. ಅಂದಿನಿಂದ ಅವನು ಅಳಿಯನನ್ನು 'ಗಡ್ಡ' ಎಂದೇ ಕರೆದ. ಮಗಳಿಗೆ ಫೋನು ಮಾಡಿದರೆ, "ಗಡ್ಡ ಊಟ ಮಾಡ್ತಾ? ಗಡ್ಡ ಕೆಲಸಕ್ಕೆ ಹೋಯ್ತಾ?"

ಆ ಗಡ್ಡ ಒಂದು ದಿನ ತಾನಾಗಿಯೇ ಉದುರಿತು.

ರಕ್ತದ ಕ್ಯಾನ್ಸರ್ ಅಂದರು. ಲಿಫ್ಟಿನ ಗುಂಡಿಯೊಳಗೆ ಇಳಿದವನು ಮೇಲೆ ಹತ್ತಲಾರದೆ ಅಲ್ಲೇ ಕೂತುಬಿಟ್ಟಿದ್ದ, ಹಾಗೆ ಶುರುವಾದದ್ದು. ಮೊದಲ ಕೀಮೋಗೇ ದಿಂಬಿನ ತುಂಬ ಕೂದಲು. ಬಿಸಿನೀರಣ್ಣ ಅದನ್ನು ನೋಡಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಹೋಗಿ ಕೂತು, ಯಾರಿಗೆ ಬೈಯಬೇಕೆಂದು ತಿಳಿಯದೆ, ಗಾಡಿ ಅಡ್ಡ ನಿಲ್ಲಿಸಿದ್ದ ಒಬ್ಬ ಡ್ರೈವರಿಗೆ ಬೈದು ಬಂದ. ಆಮೇಲೆ ಖಾಯಿಲೆ ಹೋಯಿತು ಅಂದರು. ಅಳಿಯ ಮತ್ತೆ ಕೆಲಸಕ್ಕೆ ಹೋದ. ಗಡ್ಡವೂ ಬಂತು, ಆದರೆ ಅಲ್ಲೊಂದು ತೇಪೆ ಇಲ್ಲೊಂದು ತೇಪೆ, ಇಲಿ ಕಡಿದ ಕಂಬಳಿಯ ಹಾಗೆ. ಬಿಸಿನೀರಣ್ಣ ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಒಂದು ವರ್ಷ ನೆಟ್ಟಗೆ ಕಳೆಯಲಿಲ್ಲ, ಹೋದ ಖಾಯಿಲೆ ವಾಪಸ್ ಬಂತು.

ಡಾಕ್ಟರಮ್ಮ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿದರು. ಸಣ್ಣ ಕೋಣೆ, ಕಿಟಕಿಯಿಲ್ಲ, ಗೋಡೆಗೆ ಅಂಟಿಸಿದ ಶ್ವಾಸಕೋಶದ ಚಿತ್ರದ ಒಂದು ಮೂಲೆ ಬಿಟ್ಟುಕೊಂಡು ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು.

"ಹಳೇ ಔಷಧಿಗೆ ಇದು ಈಗ ಬಗ್ಗಲ್ಲ," ಎಂದರು. "ಹೊಸದೊಂದನ್ನ ನಮ್ಮಲ್ಲಿ ಪರೀಕ್ಷೆ ಮಾಡ್ತಿದ್ದೀವಿ. ಗುಣ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಎಷ್ಟು ಕೊಟ್ಟರೆ ಮನುಷ್ಯನ ಮೈ ತಡ್ಕೊಳುತ್ತೆ ಅನ್ನೋದನ್ನೇ ಇನ್ನೂ ನೋಡ್ತಿರೋದು. ಒಂದು ಸುತ್ತಿಗೆ ಮೂರೇ ಜನ. ಅವರಿಗೆ ಏನೂ ಅನಾಹುತ ಆಗದಿದ್ರೆ ಮಾತ್ರ ಮುಂದಿನ ಸುತ್ತು. ಈ ಸುತ್ತಲ್ಲಿ ಒಂದು ಜಾಗ ಇದೆ."

"ಪರೀಕ್ಷೆ ಅಂದ್ರೆ?" ಬಿಸಿನೀರಣ್ಣನ ದನಿ ಏರಿತು. "ನನ್ನ ಅಳಿಯ ಏನು ಇಲಿನಾ?"

"ಇಲಿಗಳದ್ದು ಮುಗಿದಿದೆ," ಎಂದರು ಡಾಕ್ಟರಮ್ಮ, ಸಿಟ್ಟಿಲ್ಲದೆ.

ಅಳಿಯ ಕಿಸಕ್ಕೆಂದು ನಕ್ಕ. ಬಿಸಿನೀರಣ್ಣನಿಗೆ ಆ ನಗು ಸಹಿಸಲಾಗಲಿಲ್ಲ. ಕುರ್ಚಿ ಹಿಂದೆ ತಳ್ಳಿ ಎದ್ದ. "ನೀವು ಓದಿದವರು, ಏನು ಬೇಕಾದ್ರೂ ಹೇಳ್ಬಹುದು" ಎಂದು ಬಾಗಿಲು ದೂಡಿಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ಆಸ್ಪತ್ರೆಯ ಬೆಂಚು ಮಾಡಿದವನು ತಾನೊಮ್ಮೆ ಅದರ ಮೇಲೆ ಕೂತು ನೋಡಿದ್ದರೆ ಅದು ಆ ಥರ ಇರುತ್ತಿರಲಿಲ್ಲ.

ಅವನು ಹೊರಗೆ ಹಲ್ಲು ಕಡಿಯುತ್ತ ಕೂತಿದ್ದಾಗ ಒಳಗೆ ಸಿಸ್ಟರ್ ಬಂದು ಮಗಳಿಗೂ ಅಳಿಯನಿಗೂ ಮಾಡಬೇಕಾದ್ದು, ಮಾಡಬಾರದ್ದು ಹೇಳಿದರು. ಕುದಿಸಿದ ನೀರು. ಮೃದುವಾದ ಬ್ರಷ್ಷು. ಜನ ಸೇರುವ ಕಡೆ ಹೋಗಬಾರದು. ಮೈಯಲ್ಲಿ ಬಿಳಿ ರಕ್ತಕಣವೇ ಇಲ್ಲದಾಗ ಸಣ್ಣ ಗೀರೂ ಸಣ್ಣದಲ್ಲ, ಆದ್ದರಿಂದ ಉಗುರು ಕತ್ತರಿಸುವಾಗ ಎಚ್ಚರ, ಗಡ್ಡಕ್ಕೆ ಬ್ಲೇಡು ತಾಗಿಸಲೇಬಾರದು, ಬೇಕಾದರೆ ಮಷೀನು. ಜ್ವರ ಬಂದರೆ ಹೊಸ ಔಷಧಿಯ ಟ್ರಯಲ್ ಇಲ್ಲ. ಇದೆಲ್ಲ ಬಾಗಿಲ ಆಚೆ ನಡೆಯಿತು. ಈಚೆ ಕೂತವನ ಕಿವಿಗೆ ಬಿದ್ದದ್ದು, ಬಾಗಿಲು ತೆಗೆದಾಗ ಡಾಕ್ಟರಮ್ಮ ಕೊನೆಗೆ ಹೇಳಿದ ಒಂದು ಮಾತು ಮಾತ್ರ: "ಸೋಮವಾರ ಬನ್ನಿ. ಎಲ್ಲಾ ನೋಡಿ ಆಯ್ಕೆ ಮಾಡ್ತೀವಿ."

ಆಯ್ಕೆ. ಆ ಶಬ್ದ ಬಿಸಿನೀರಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವನು ಅಳಿಯನ ಮುಖವನ್ನೇ ನೋಡಿದ. ಬಣ್ಣ ಹೋದ ಗಲ್ಲ, ತೇಪೆ ತೇಪೆ ಗಡ್ಡ, ಇರುವ ಖಾಯಿಲೆಗಿಂತ ಎರಡು ಪಟ್ಟು ಖಾಯಿಲೆ ಕಾಣುತ್ತಿತ್ತು. ಹೀಗೆ ಹೋಗಿ ನಿಂತರೆ ಯಾರು ಜಾಗ ಕೊಡುತ್ತಾರೆ? ಆಸ್ಪತ್ರೆಯ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಒಬ್ಬ ಟೀಚರ್ ಕೂತಿದ್ದರು, ನಿವೃತ್ತಿ ಆದವರು. ಅವರೂ ಅದೇ ಜಾಗಕ್ಕೆ ಕಾಯುತ್ತಿದ್ದಾರೆಂದು ಅವರೇ ಹೇಳಿದ್ದರು. ಸೀರೆಯ ನೆರಿಗೆ ತಿದ್ದಿ, ತಲೆಗೆ ಸ್ಕಾರ್ಫು ಒಪ್ಪವಾಗಿ ಸುತ್ತಿ, ಲಕ್ಷಣವಾಗಿದ್ದರು.

ಶನಿವಾರ ಮಗಳು ಲಾಂಡ್ರಿಗೆ ಹೋದ ಹೊತ್ತು ನೋಡಿ, ಅಂಗಡಿಗೆ ಬೀಗ ಹಾಕಿ, ಪೆಟ್ಟಿಗೆ ಹಿಡಿದು ಅಳಿಯನ ಮನೆಗೆ ಬಂದ. ಎರಡೇ ಕೋಣೆ. ಕಿಟಕಿಯ ಬಳಿ ಮಂಚ. ಅಳಿಯ ಗೋಡೆಗೆ ಒರಗಿ ಕೂತು, ಕಟ್ಟಡದ ಲಿಫ್ಟು ಏರಿಳಿಯುವ ಸದ್ದು ಕೇಳುತ್ತಿದ್ದ.

"ಕೇಳಿ ಮಾವ, ಮೂರನೇ ಮಹಡಿ ಹತ್ರ ಕೆಮ್ಮುತ್ತೆ. ನನ್ನ ಹಾಗೇ."

"ಅದನ್ನ ಆಮೇಲೆ ರಿಪೇರಿ ಮಾಡು. ಇವತ್ತು ನಿನ್ನ ರಿಪೇರಿ." ಬಿಸಿನೀರಣ್ಣ ಪೆಟ್ಟಿಗೆ ಬಿಚ್ಚಿದ.

ಅಳಿಯ ಪೆಟ್ಟಿಗೆ ನೋಡಿದ. ಮಾವನ ಮುಖ ನೋಡಿದ. ತೇಪೆ ಗಡ್ಡ ಸವರಿಕೊಂಡ. ಆಮೇಲೆ, "ಕೊನೆಗೂ ಸಿಕ್ಕಿಬಿದ್ದೆ ಅನ್ನಿ," ಎಂದ.

"ಸಿಗದೆ ಎಲ್ಲಿಗೆ ಹೋಗ್ತೀಯ? ಸೋಮವಾರ ಆಯ್ಕೆ. ಈ ಮುಖ ಇಟ್ಕೊಂಡು ಹೋದ್ರೆ ವಾಚ್‌ಮನ್ನೇ ಒಳಗೆ ಬಿಡಲ್ಲ."

"ಮಾಡಿ ಮಾವ," ಎಂದ ಅಳಿಯ. ಅಷ್ಟು ಮೆತ್ತಗೆ ಅವನು ಹಿಂದೆಂದೂ ಮಾತಾಡಿರಲಿಲ್ಲ.

ಬಿಸಿನೀರಣ್ಣ ನೀರು ಕುದಿಸಿದ. ಬ್ರಷ್ಷನ್ನೂ ಕುದಿಸಿದ. ಹೊಸ ಬ್ಲೇಡು ಒಡೆದು ಕತ್ತಿಗೆ ಸಿಕ್ಕಿಸಿದ. ಟವೆಲನ್ನು ಬಿಸಿನೀರಿಗೆ ಅದ್ದಿ ಹಿಂಡಿ ಗಲ್ಲದ ಮೇಲೆ ಹಾಸಿದಾಗ ಅಳಿಯ ಕಣ್ಣು ಮುಚ್ಚಿ ಉಸಿರು ಬಿಟ್ಟ. ಆಸ್ಪತ್ರೆಯಲ್ಲಿ ಅವನನ್ನು ಮುಟ್ಟಿದವರೆಲ್ಲ ಏನನ್ನಾದರೂ ಚುಚ್ಚುವುದಕ್ಕೋ ತೆಗೆಯುವುದಕ್ಕೋ ಮುಟ್ಟಿದವರು. ನೊರೆ ಹಚ್ಚಿ, ಎಡಗೈ ಹೆಬ್ಬೆರಳಲ್ಲಿ ಚರ್ಮ ಬಿಗಿಹಿಡಿದು, ಬಿಸಿನೀರಣ್ಣ ಕಿವಿಯ ಬುಡದಿಂದ ಕತ್ತಿ ಇಳಿಸಿದ. ಚರ್ಮ ಕಾಗದದಷ್ಟು ತೆಳ್ಳಗಾಗಿತ್ತು. ಒಂದು ಕೈ ನೇರ. ಆಮೇಲೆ ಮತ್ತೆ ನೊರೆ. ಮದುವೆ ದಿನ ಮಾಡಬೇಕಾಗಿದ್ದ ಕೆಲಸ ಬಾಕಿ ಉಳಿದಿದೆ ಅನ್ನಿಸಿತು. ಒಂದು ಕೈ ಉಲ್ಟಾ. ಒಂದು ಹನಿ ರಕ್ತ ಇಲ್ಲ.

ಕನ್ನಡಿ ಹಿಡಿದ. ಅಳಿಯ ಗಲ್ಲದ ಮೇಲೆ ಬೆರಳಾಡಿಸಿದ.

"ಮದುವೆ ದಿನ ಹೀಗೆ ಕಾಣ್ತಿದ್ದೆನಾ ಮಾವ?"

"ಮದುವೆ ದಿನ ಕರಡಿ ಥರ ಕಾಣ್ತಿದ್ದೆ."

ಇಬ್ಬರೂ ನಕ್ಕರು. ಬಿಸಿನೀರಣ್ಣನ ಹೊಟ್ಟೆಯಲ್ಲಿ ಕೂತಿದ್ದ ಆ ಹಳೆಯ ನಗು ಅವತ್ತು ಎದ್ದು ಹೊರಗೆ ಹೋಯಿತು.

ಮಗಳು ಬಂದದ್ದು ಸಂಜೆಗೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಗಂಡನ ಮುಖ ನೋಡಿ ನಿಂತಲ್ಲೇ ನಿಂತಳು. "ಮಷೀನಾ?" ಎಂದು ಕೇಳಿದಳು. ಅವಳು ಪೆಟ್ಟಿಗೆ ನೋಡಿದಳು. "ಅಪ್ಪ, ಬ್ಲೇಡಾ?"

"ಒಂದು ಹನಿ ರಕ್ತ ಬಂದಿಲ್ಲ, ನೋಡು ಬೇಕಾದ್ರೆ."

"ಬ್ಲೇಡು ತಾಗಿಸ್ಲೇಬೇಡಿ ಅಂದಿದ್ರು ಸಿಸ್ಟರ್." ಅವಳ ದನಿ ಏರಲಿಲ್ಲ. ಇಸ್ತ್ರಿ ಪೆಟ್ಟಿಗೆ ಹಿಡಿದು ಹಿಡಿದು ಗಟ್ಟಿಯಾದ ಕೈಯನ್ನು ಗಂಡನ ಹಣೆಯ ಮೇಲಿಟ್ಟಳು. "ನೀನು ಅವತ್ತು ಬಾಗಿಲು ಬಡ್ಕೊಂಡು ಹೊರಗೆ ಹೋಗಿದ್ದೆಯಲ್ಲ. ನಿನಗೆ ಹೇಗೆ ಗೊತ್ತಾಗ್ಬೇಕು?"

ಬಿಸಿನೀರಣ್ಣ ಪೆಟ್ಟಿಗೆ ಮುಚ್ಚಿದ.

ಭಾನುವಾರ ಇಡೀ ದಿನ ಅವನು ಅಂಗಡಿಯಲ್ಲಿ ಗಲ್ಲಗಳನ್ನು ನೋಡಿ ಸಮಾಧಾನ ಮಾಡಿಕೊಂಡ. ಈ ಗಲ್ಲಗಳಿಗೆಲ್ಲ ಏನಾಗಿದೆ? ಏನೂ ಇಲ್ಲ. ಅವನ ಕತ್ತಿ ಸ್ವಚ್ಛ. ಅವನ ಕೈ ಸ್ವಚ್ಛ. ಆದರೆ ಈ ಗಲ್ಲಗಳ ಒಳಗೆ ಕಾವಲು ಕಾಯುವ ರಕ್ತ ಇತ್ತು, ಅಳಿಯನ ಗಲ್ಲದಲ್ಲಿ ಇರಲಿಲ್ಲ. ಉಲ್ಟಾ ಎಳೆದಾಗ ಬುಡದಲ್ಲಿ ತೆರೆದುಕೊಂಡ ಕಣ್ಣಿಗೆ ಕಾಣದ ತೂತುಗಳು ಬೇರೆಯವರಿಗೆ ಒಂದು ಗಂಟೆಯಲ್ಲಿ ಮುಚ್ಚಿಕೊಳ್ಳುತ್ತವೆ. ಅಳಿಯನಿಗೆ ಮುಚ್ಚಿಕೊಳ್ಳಲಿಲ್ಲ. ಸೋಮವಾರ ಬೆಳಿಗ್ಗೆ ದವಡೆಯ ಕೆಳಗೆ ಸಾಸಿವೆಯಷ್ಟು ಕೆಂಪು ಗುಳ್ಳೆಗಳು ಎದ್ದಿದ್ದವು. ಆಸ್ಪತ್ರೆ ತಲುಪುವ ಹೊತ್ತಿಗೆ ಒಂದು ಕಡೆಯ ಗಲ್ಲ ಊದಿ, ಮೈ ಕೆಂಡವಾಗಿತ್ತು.

ಡಾಕ್ಟರಮ್ಮ ಕೈಗವಸು ಹಾಕಿಕೊಂಡು ದವಡೆ ಮುಟ್ಟಿ ನೋಡಿದರು. "ಶೇವ್ ಮಾಡಿದ್ದು ಯಾರು?"

"ನಾನು," ಎಂದ ಬಿಸಿನೀರಣ್ಣ. ಬೈಯಲಿ ಎಂದು ಎದೆ ಸೆಟೆಸಿ ನಿಂತ. ಬೈದರೆ ತಿರುಗಿ ಬೈಯಬಹುದು. ಅದು ಅವನಿಗೆ ಗೊತ್ತಿದ್ದ ದಾರಿ. ಡಾಕ್ಟರಮ್ಮ ಬೈಯಲಿಲ್ಲ. ಒಂದು ಸಲ ಕಣ್ಣು ಮುಚ್ಚಿ ತೆರೆದು, ಸಿಸ್ಟರನ್ನು ಕರೆದು, ಇವರನ್ನು ವಾರ್ಡಿಗೆ ಹಾಕಿ, ಈಗಲೇ ಆಂಟಿಬಯೋಟಿಕ್ ಶುರು ಮಾಡಿ ಅಂದರು.

"ಟ್ರಯಲ್ಲು?" ಕೇಳಿದ್ದು ಮಗಳು.

"ಸೋಂಕು ಇರೋವಾಗ ಆ ಔಷಧಿ ಕೊಟ್ಟರೆ ಔಷಧಿಯೇ ಅವರನ್ನ ತೆಗೆದುಬಿಡಬಹುದು. ಈ ಸುತ್ತಿಗೆ ಆಗಲ್ಲಮ್ಮ."

"ತಪ್ಪು ನಂದು," ಎಂದ ಬಿಸಿನೀರಣ್ಣ. "ಅವನದೇನೂ ಇಲ್ಲ. ನನಗೆ ಏನು ಬೇಕಾದ್ರೂ ಅನ್ನಿ, ಜಾಗ ಮಾತ್ರ ತೆಗೀಬೇಡಿ. ಜ್ವರ ಇಳಿಯೋವರೆಗೆ ಇಟ್ಕೊಂಡಿರಿ."

"ಇನ್ನೊಬ್ಬರಿಗೂ ಕಾಯೋಕೆ ಸಮಯ ಇಲ್ಲ," ಎಂದರು ಡಾಕ್ಟರಮ್ಮ. "ನೀವು ಪ್ರೀತಿಯಿಂದ ಮಾಡಿದ್ರಿ ಅಂತ ನನಗೆ ಗೊತ್ತು. ಆದ್ರೂ ನನ್ನ ಕೈಲಿ ಏನೂ ಇಲ್ಲ."

ಓದಿದವರೂ ಆ ಮಾತು ಹೇಳುತ್ತಾರೆಂದು ಅವನು ಎಣಿಸಿರಲಿಲ್ಲ.

ಜಾಗ ಟೀಚರಿಗೆ ಹೋಯಿತು. ಮಾರನೆಯ ದಿನವೇ ಅವರನ್ನು ವಾರ್ಡಿನ ಕೊನೆಯ ಗಾಜಿನ ಕೋಣೆಯಲ್ಲಿ ಮಲಗಿಸಿ ಕೈಗೆ ನಳಿಕೆ ಸೇರಿಸಿದರು. ಬಿಸಿನೀರಣ್ಣ ಆ ಕಡೆ ಹೋಗುವಾಗಲೆಲ್ಲ ಮುಖ ತಿರುಗಿಸಿದ. ಹಲ್ಲು ಕಚ್ಚಿಕೊಂಡು ಮನಸ್ಸಿನಲ್ಲೇ ಅವರಿಗೆ ಬೈದ: ನಿಮ್ಮದು ಒಂದು ಬಾಳು ಆಗಿದೆ, ಪಾಠ ಹೇಳಿದ್ದಾಯ್ತು, ಪೆನ್ಶನ್ನೂ ಬರುತ್ತೆ, ನನ್ನ ಅಳಿಯನದು ಏನಾಗಿದೆ? ಬೈದು ಮುಗಿಸಿದ ಮೇಲೆ ಅವನಿಗೇ ನಾಚಿಕೆಯಾಗುತ್ತಿತ್ತು. ಮತ್ತೆ ಮರುದಿನ ಬೈಯುತ್ತಿದ್ದ.

ಅಳಿಯ ಮಂಚದ ಮೇಲೆ ಊದಿದ ಗಲ್ಲ ದಿಂಬಿಗೆ ತಾಗದಂತೆ ಮಲಗಿದ್ದ. ಬಿಸಿನೀರಣ್ಣ ಪಕ್ಕದ ಸ್ಟೂಲಿನ ಮೇಲೆ ಕೂತು ಕೂತು, ಕಡೆಗೆ ಒಂದು ಮಧ್ಯಾಹ್ನ ಕೇಳಿದ, "ಸಿಸ್ಟರ್ ಹೇಳಿದ್ದು ನಿನಗೆ ನೆನಪಿರ್ಲಿಲ್ವೇನೋ?"

"ಇತ್ತು ಮಾವ."

"ಮತ್ತೆ?"

ಅಳಿಯ ತಾರಸಿ ನೋಡುತ್ತ ಹೇಳಿದ, "ನೀವು ಪೆಟ್ಟಿಗೆ ಬಿಚ್ಚಿದ್ರಿ. ಇಷ್ಟು ವರ್ಷ ಬೇಡ ಅಂದಿದ್ದೆ. ಇನ್ನೊಂದು ಸಲ ಬೇಡ ಅನ್ನೋಕೆ ನಾಲಿಗೆ ಏಳ್ಲಿಲ್ಲ. ನಿಮ್ಮ ಕೈ ಎಷ್ಟು ಹಗುರ ಅಂತ ಊರೆಲ್ಲ ಹೇಳುತ್ತೆ, ಏನೂ ಆಗಲ್ಲ ಅಂದ್ಕೊಂಡೆ." ಸ್ವಲ್ಪ ಸುಧಾರಿಸಿಕೊಂಡು, "ಅವಳಿಗೆ ಹೇಳ್ಬೇಡಿ. ನನಗೆ ನೆನಪಿರ್ಲಿಲ್ಲ ಅಂದಿದ್ದೀನಿ."

ಬಿಸಿನೀರಣ್ಣ ಎದ್ದು ಕಿಟಕಿಯ ಹತ್ತಿರ ಹೋದ. ಕೆಳಗೆ ಗಾಡಿಗಳು ಅಡ್ಡಾದಿಡ್ಡಿ ನಿಂತಿದ್ದವು. ಅವತ್ತು ಯಾರಿಗೂ ಬೈಯಲಿಲ್ಲ.

ಗಲ್ಲದ ಊತ ಇಳಿಯಲು ದಿನಗಳು ಹಿಡಿದವು. ಜ್ವರ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಒಳಗಿನ ಖಾಯಿಲೆ ಮಾತ್ರ ತನ್ನ ಪಾಡಿಗೆ ಏರುತ್ತಲೇ ಇತ್ತು. ಡಾಕ್ಟರಮ್ಮ ಅದನ್ನು ತಡೆಹಿಡಿಯಲು ಏನೋ ಮಾತ್ರೆ ಕೊಟ್ಟರು. ಇದು ಗುಣಕ್ಕಲ್ಲ, ಹೊತ್ತು ಕಳೆಯೋಕೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. "ಇವರ ಸೋಂಕು ಪೂರ್ತಿ ಹೋಗಿ, ಆ ಮೂವರೂ ತಡ್ಕೊಂಡ್ರೆ, ಮುಂದಿನ ಸುತ್ತಲ್ಲಿ ಇವರ ಹೆಸರು ಮೊದಲು."

ಆ ಮೂವರೂ ತಡ್ಕೊಂಡರೆ. ಬಿಸಿನೀರಣ್ಣ ಆ ಮಾತನ್ನು ಬೆಂಚಿನ ಮೇಲೆ ಕೂತು ತಿರುವಿ ತಿರುವಿ ನೋಡಿದ. ಹಾಗಾದರೆ ಟೀಚರ್ ಬದುಕಬೇಕು. ಬರೀ ಬದುಕಿದರೆ ಸಾಲದು, ಗಟ್ಟಿಮುಟ್ಟಾಗಿ ಎದ್ದು ಕೂರಬೇಕು. ಅವರಿಗೆ ಏನಾದರೂ ಆದರೆ ಮುಂದಿನ ಸುತ್ತೇ ಇಲ್ಲ. ಇಷ್ಟು ದಿನ ಶಾಪ ಹಾಕಿದ್ದ ಹೆಂಗಸಿನ ಕೈಯಲ್ಲಿ ಅಳಿಯನ ಪ್ರಾಣ ಇತ್ತು.

ಮರುದಿನ ಅವನು ಗಾಜಿನ ಕೋಣೆಯ ಎದುರು ನಿಂತ. ಆಮೇಲೆ ದಿನವೂ ನಿಂತ. ಜೀವಮಾನವಿಡೀ ಮುಖ ನೋಡಿದವನು. ಕಣ್ಣಿನ ಕೆಳಗಿನ ಬಣ್ಣ, ತುಟಿಯ ಒಣಕಲು, ಎಲ್ಲ ನೋಡಿದ. ಇವತ್ತು ಪರವಾಗಿಲ್ಲ ಅನ್ನಿಸುತ್ತಿತ್ತು. ಮರುದಿನ ಅದೇ ಮುಖ ನೋಡಿ ಸಿಸ್ಟರನ್ನು ಹುಡುಕಿಕೊಂಡು ಓಡುತ್ತಿದ್ದ. ಗಾಜಿನ ಆಚೆಯಿಂದ ಟೀಚರ್ ಒಮ್ಮೆ ಅವನನ್ನು ಕಂಡು ಕೈ ಎತ್ತಿದರು. ಸಿಸ್ಟರ್ ಬಾಗಿಲು ಅರೆ ತೆರೆದು ಒಳಗೆ ಹೋಗುವಾಗ ಅವರ ಮಾತು ಕೇಳಿಸಿತು.

"ನೀವು ಆ ಹುಡುಗನ ಮಾವ ಅಲ್ವಾ? ಅವರ ಜಾಗದಲ್ಲಿ ಮಲಗಿದ್ದೀನಿ ಅಂತ ಗೊತ್ತು ನನಗೆ. ಸಿಟ್ಟಿದೆಯಾ?"

"ಇತ್ತು," ಎಂದ ಬಿಸಿನೀರಣ್ಣ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಈಗ ನೀವು ಊಟ ಬಿಡ್ಬೇಡಿ ಟೀಚರ್. ನಿನ್ನೆ ತಟ್ಟೆ ಹಾಗೇ ವಾಪಸ್ ಹೋಯ್ತು, ನೋಡ್ದೆ."

"ನೀವು ನನ್ನ ಹೆಡ್‌ಮಾಸ್ಟರಿಗಿಂತ ಜೋರು," ಎಂದು ಟೀಚರ್ ನಕ್ಕರು. ಬಾಗಿಲು ಮುಚ್ಚಿತು.

ಆ ವಾರವೇ ಟೀಚರಿಗೆ ಔಷಧಿ ತಿರುಗಿಬಿತ್ತು. ಮೈ ಉರಿ, ರಕ್ತದೊತ್ತಡ ಪಾತಾಳಕ್ಕೆ, ಮಾತು ತೊದಲು. ಮಂಚದ ಸಮೇತ ತಳ್ಳಿಕೊಂಡು ತೀವ್ರ ನಿಗಾ ಘಟಕಕ್ಕೆ ಹೋದರು. ಬಿಸಿನೀರಣ್ಣ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡು ನಿಂತಿದ್ದ. ಸ್ಕಾರ್ಫು ಜಾರಿ, ಆ ಒಪ್ಪವಾದ ತಲೆ ಬೋಳಾಗಿ ಕಂಡಿತು. ಇದು ತನ್ನ ಅಳಿಯನಿಗೆ ಆಗಬೇಕಾಗಿದ್ದದ್ದೋ, ಆಗದೆ ಇರಬಹುದಾಗಿದ್ದದ್ದೋ, ಯಾರನ್ನು ಕೇಳುವುದು? ಡಾಕ್ಟರಮ್ಮನನ್ನೇ ಕೇಳಿದ. ಅವರು, "ಗೊತ್ತಿಲ್ಲ" ಎಂದರು. "ಟ್ರಯಲ್ ಸದ್ಯಕ್ಕೆ ನಿಲ್ಲಿಸಿದ್ದೀವಿ. ಅವರು ಚೇತರಿಸ್ಕೊಂಡು, ಯಾಕೆ ಹೀಗಾಯ್ತು ಅಂತ ತಿಳಿಯೋವರೆಗೆ ಹೊಸಬರಿಗೆ ಕೊಡೋ ಹಾಗಿಲ್ಲ."

"ಎಷ್ಟು ದಿನ?"

"ಗೊತ್ತಿಲ್ಲ."

"ಅಲ್ಲಿವರೆಗೆ ಇವನು?"

ಡಾಕ್ಟರಮ್ಮ ಕೈಯಲ್ಲಿದ್ದ ಫೈಲು ಮುಚ್ಚಿದರು. ಬಿಸಿನೀರಣ್ಣ ಮೂಗಿನ ತುದಿಯಲ್ಲೇ ಇರುತ್ತಿದ್ದ ಸಿಟ್ಟನ್ನು ಹುಡುಕಿದ, ಸಿಗಲಿಲ್ಲ.

ವಾರ್ಡಿಗೆ ಬಂದಾಗ ಮಗಳು ಗಂಡನ ಅಂಗಿ ಮಡಚುತ್ತಿದ್ದಳು, ಲಾಂಡ್ರಿಯಲ್ಲಿ ಮಡಚುವ ಹಾಗೆ, ಗೆರೆಗೆ ಗೆರೆ ಕೂಡಿಸಿ. ಅಳಿಯ ಇನ್ನಷ್ಟು ಇಳಿದಿದ್ದ. ಗಲ್ಲ ವಾಸಿಯಾಗಿ, ವಾಸಿಯಾದ ಕಡೆ ಮತ್ತೆ ಕೂದಲು ಚಿಗುರಿತ್ತು.

"ಮಾವ, ಪೊದೆ ಬರ್ತಾ ಇದೆ," ಎಂದ.

"ಬರ್ಲಿ."

"ಮುಂದಿನ ಸುತ್ತು ಯಾವಾಗಂತೆ?"

ಮಗಳ ಕೈ ಅಂಗಿಯ ಮೇಲೆ ನಿಂತಿತು. ಬಿಸಿನೀರಣ್ಣ ಸ್ಟೂಲು ಎಳೆದುಕೊಂಡು ಕೂತ. "ಟೀಚರ್ ಏಳ್ಬೇಕು ಮೊದಲು," ಎಂದ. "ಏಳ್ತಾರೆ. ಜೋರು ಹೆಂಗಸು."

ಅಳಿಯ ಅಷ್ಟಕ್ಕೆ ಅರ್ಥ ಮಾಡಿಕೊಂಡ. ಗಲ್ಲ ಕೆರೆದುಕೊಂಡು, "ಕಚಗುಳಿ ಇಡುತ್ತೆ ಇದು. ಏನಾದ್ರೂ ಮಾಡಿ ಮಾವ," ಎಂದ.

ಬಿಸಿನೀರಣ್ಣನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಅಲ್ಲಿ ಯಾವಾಗಲೂ ಇರುತ್ತಿದ್ದ ಬಾಚಣಿಗೆ ತಾಗಿತು. ಹೊರತೆಗೆದ. ಹಾಗೇ ಹಿಡಿದುಕೊಂಡು ಕೂತ. ಆಮೇಲೆ ಎದ್ದು ವಾರ್ಡಿನ ಆ ತುದಿಯ ಮೇಜಿನವರೆಗೆ ನಡೆದು ಹೋಗಿ, ಮಕ್ಕಳು ಕೈ ಕಟ್ಟಿ ನಿಲ್ಲುವ ಹಾಗೆ ನಿಂತ.

"ಸಿಸ್ಟರ್, ಅವನ ಗಡ್ಡಕ್ಕೆ ಬಾಚಣಿಗೆ ಹಾಕಬಹುದಾ?"

ಸಿಸ್ಟರ್ ತಲೆಯೆತ್ತಿ ನೋಡಿದರು. ಬಾಚಣಿಗೆ ತೆಗೆದುಕೊಂಡು ಔಷಧದ ನೀರಿನಲ್ಲಿ ಅದ್ದಿ ಒರೆಸಿ ಕೊಟ್ಟರು. "ಮೆಲ್ಲಗೆ. ಚರ್ಮಕ್ಕೆ ಹಲ್ಲು ತಾಗಬಾರದು."

ಅವನು ಅದನ್ನು ಮೊದಲು ತನ್ನ ಮುಂಗೈ ಮೇಲೆ ಎಳೆದು ನೋಡಿದ. ಒತ್ತಿದ ಹಾಗೆ ಅನ್ನಿಸಿತು. ಇನ್ನೂ ಹಗುರವಾಗಿ ಎಳೆದ. ಅದೂ ಒತ್ತಿದ ಹಾಗೇ ಅನ್ನಿಸಿತು. ಸಿಸ್ಟರಿಗೆ, "ನೀವು ಸ್ವಲ್ಪ ಪಕ್ಕದಲ್ಲಿ ನಿಂತಿರ್ತೀರಾ?" ಎಂದು ಕೇಳಿದ.